ಬಿಸಿಗೆ ಬೇರೆ ಕೋಣೆ

ಮನೆ, ಅಡುಗೆಮನೆಯ ಮೇಜಿನಿಂದ
ಮಾರ್ಚ್ ೧೬, ಶನಿವಾರ ಬೆಳಿಗ್ಗೆ

ಪ್ರೀತಿಯ ಮಹಾರಾಯ್ತಿಗೆ,

ಹೇಗಿದ್ದೀಯ? ನಿನ್ನಕ್ಕನ ಮಂಡಿನೋವು, ನನ್ನ ಷಡ್ಡಕರ ಗೊರಕೆ ಎಲ್ಲ ಕ್ಷೇಮ ತಾನೇ? ನಾನು ಚೆನ್ನಾಗಿದ್ದೇನೆ. ಅಡುಗೆ ಕಲಿಯುತ್ತಿದ್ದೇನೆ. ಬೇಯಿಸಿದ್ದು ಒಂದು ದಿನ ಹಸಿ, ಒಂದು ದಿನ ಮಸಿ. ಹೊಟ್ಟೆ ಎರಡನ್ನೂ ಪಕ್ಷಪಾತವಿಲ್ಲದೆ ದೂರುತ್ತದೆ.

ಹದಿನೈದು ದಿನಕ್ಕೆಂದು ಹೋದವಳು, ಮೂರು ತಿಂಗಳಾಯಿತು. ಅಕ್ಕನ ಮನೆಯ ಸೌನಾ ಎಂಬ ಬಿಸಿ ಕೋಣೆಯಲ್ಲಿ ಕೂತರೆ ಬೆರಳಿಗೆ ಜೀವ ಬರುತ್ತದೆ ಎಂದು ಫೋನಿನಲ್ಲಿ ಹೇಳಿದೆ. ಆಮೇಲೆ ನಿಮ್ಮ ಕಂಪನಿಗೆ ಆ ಊರಿನಲ್ಲಿರುವ ಕೋಲ್ಡ್ ಸ್ಟೋರೇಜಿಗೇ ವರ್ಗ ಕೇಳಿ ಅರ್ಜಿ ಬರೆದು, ಇಲ್ಲಿನ ಸೂಪರ್‌ವೈಸರಿಗೆ ಮುಟ್ಟಿಸಿ ಎಂದು ನನಗೇ ಅಂಚೆಯಲ್ಲಿ ಕಳಿಸಿದೆ. ಗಂಡನ ಕೈಯಿಂದಲೇ ಗಂಡನ ಮನೆ ಬಿಡುವ ಅರ್ಜಿ ಕೊಡಿಸುವ ನಿನ್ನ ಜಾಣತನಕ್ಕೆ ಪೂರ್ತಿ ಅಂಕ ಕೊಟ್ಟಿದ್ದೇನೆ. ಆ ಅರ್ಜಿಯನ್ನು ನಿಘಂಟಿನ ‘ವ’ಕಾರದಲ್ಲಿ, ವರ್ಗಕ್ಕೂ ವಿರಹಕ್ಕೂ ನಡುವೆ ಇಟ್ಟು ಒಂದು ಉಪಾಯ ಹೂಡಿದೆ: ಸೌನಾ ಇಲ್ಲಿಗೇ ಬಂದರೆ ನೀನೂ ಬರುತ್ತೀಯ.

ಬಡಗಿಯನ್ನು ಕರೆಸಿದೆ. ಅವನು ಟೇಪು ಹಿಡಿದು ಮನೆಯೆಲ್ಲ ಸುತ್ತಿ, ಮುಂದಿನ ಕೋಣೆಯೊಂದೇ ಆಗಿಬರುತ್ತದೆ ಎಂದ. ನನ್ನ ಕಪಾಟು, ಗೆಳೆಯರು ಹರಟೆಗೆ ಕೂರುವ ನಾಲ್ಕು ಬೆತ್ತದ ಕುರ್ಚಿ ಎಲ್ಲ ಹೊರಗೆ ಹಾಕಬೇಕಂತೆ. ಗೋಡೆಗೆ ಪೈನ್ ಹಲಗೆ, ಮೂಲೆಯಲ್ಲಿ ಕಲ್ಲು ತುಂಬಿದ ಕರೆಂಟಿನ ಒಲೆ, ಅದಕ್ಕೆ ಮೀಟರಿನಿಂದ ಬೇರೆ ವೈರು. “ಒಳಗೆ ಪುಸ್ತಕ ಒಯ್ಯೋ ಹಾಗಿಲ್ಲ ಸಾರ್, ಅಂಟು ಬಿಟ್ಕೊಳುತ್ತೆ” ಎಂದ. ಇಪ್ಪತ್ತಾರು ವರ್ಷ ನನ್ನ ಮನೆಪಾಠಕ್ಕೆ ಹುಡುಗರು ಬೆವರಿದ್ದೂ ಇಲ್ಲೇ, ಕೋಣೆಗೆ ಅಭ್ಯಾಸವಿದೆ ಎಂದೆ. ಅವನು ನಗಲಿಲ್ಲ. ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿ ಕಪಾಟಿನ ಅಗಲ ಬರೆದುಕೊಂಡ.

ನಗದ ಮನುಷ್ಯನ ಎದುರು ನಿಂತಾಗಲೇ ನನಗೆ ಆ ಸಂಜೆ ನೆನಪಾದದ್ದು. ನಾಲ್ಕು ಕುರ್ಚಿಯೂ ತುಂಬಿತ್ತು. ನೀನು ಕೆಲಸದಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಕೈ ಚಾಚಿ, “ರೀ, ಸ್ವಲ್ಪ ಈ ಬೆರಳು ನೋಡ್ರಿ. ಅಕ್ಕನ ಮನೇಲಿರೋ ಥರ ನಮ್ಮಲ್ಲೂ ಒಂದು ಬಿಸಿ ಕೋಣೆ ಮಾಡ್ಸೋಕಾಗುತ್ತಾ?” ಎಂದೆ. ನಾನು ಗೆಳೆಯರ ಕಡೆ ತಿರುಗಿ, “ಇವಳಿರುವಾಗ ಬಿಸಿಗೆ ಬೇರೆ ಕೋಣೆ ಯಾಕೆ?” ಎಂದೆ. ಕುರ್ಚಿಗಳು ಕಿರುಗುಟ್ಟುವಷ್ಟು ನಕ್ಕರು. ನೀನೂ ನಕ್ಕೆ. ಆ ನಗುವನ್ನು ಒಪ್ಪಿಗೆಯೆಂದುಕೊಂಡು, ಆ ಮಾತನ್ನು ಕಾಲೇಜಿನ ಸ್ಟಾಫ್ ರೂಮಿನಲ್ಲೂ ಎರಡು ಸಲ ಚಲಾಯಿಸಿದೆ. ಬೆರಳನ್ನು ಮಾತ್ರ ನೋಡಲಿಲ್ಲ.

ಮಂಗಳವಾರ ನಿನ್ನ ಕೋಲ್ಡ್ ಸ್ಟೋರೇಜಿಗೆ ಹೋದೆ. ಸೌನಾ ಮುಗಿಯುವವರೆಗೆ ನಿನಗೆ ಇನ್ನೊಂದು ತಿಂಗಳು ರಜೆ ಕೊಡಿ, ವರ್ಗದ ಮಾತು ಆಮೇಲೆ ನೋಡೋಣ ಎಂದು ಪುಸಲಾಯಿಸುವ ಯೋಚನೆ. ಕೇಳಿದರೆ ತೋರಿಸಲು ಇರಲಿ ಎಂದು ಅರ್ಜಿಯನ್ನು ನಿಘಂಟಿನಿಂದ ತೆಗೆದು ಜೇಬಿನಲ್ಲಿಟ್ಟುಕೊಂಡಿದ್ದೆ. ಸೂಪರ್‌ವೈಸರಮ್ಮ ಒಳಗಿದ್ದರು. ನನಗೂ ಒಂದು ದಪ್ಪ ಕೋಟು ತೊಡಿಸಿ, ಜೋತುಬಿದ್ದ ಪ್ಲಾಸ್ಟಿಕ್ ಪಟ್ಟಿಗಳನ್ನು ಸರಿಸಿ ಕರೆದೊಯ್ದರು. ಹತ್ತೊಂಬತ್ತು ವರ್ಷ ನಿನ್ನನ್ನು ಗೇಟಿನವರೆಗೆ ಬಿಟ್ಟವನು ಒಳಗೆ ಕಾಲಿಟ್ಟದ್ದು ಅದೇ ಮೊದಲು. ಗೋಡೆಯ ಮೇಲೆ ಎರಡು ಡಿಗ್ರಿ. ಕ್ಯಾರೆಟ್ಟಿನ ಕ್ರೇಟುಗಳು, ಉದ್ದನೆಯ ಸ್ಟೀಲ್ ಮೇಜು, ಅದರ ಮುಂದೆ ನೀನು ನಿಲ್ಲುವ ರಬ್ಬರ್ ಚಾಪೆ. ಎರಡು ಪಾದದ ಜಾಗದಲ್ಲಿ ಸವೆದು ತೆಳ್ಳಗಾಗಿದೆ. ನಾನು ಅದರ ಮೇಲೆ ನಿಂತೆ. ಸ್ವಲ್ಪ ಹೊತ್ತಿಗೆ ಕೋಟಿನ ಗುಂಡಿ ಹಾಕಲು ಹೋದರೆ ಬೆರಳು ಮಡಚಲು ಬರಲಿಲ್ಲ. “ಎಂಟು ನಿಮಿಷ ಆಯ್ತು ಸಾರ್. ನಿಮ್ಮ ಮನೆಯವರು ಎಂಟು ಗಂಟೆ ನಿಲ್ತಿದ್ರು” ಎಂದರು ಅವರು. ಒಂದು ಹಾಸ್ಯವೂ ಬಾಯಿಗೆ ಬರಲಿಲ್ಲ. ಬಂದಿದ್ದರೂ ಕಟಕಟ ಎನ್ನುತ್ತಿದ್ದ ಹಲ್ಲು ಹೊರಗೆ ಬಿಡುತ್ತಿರಲಿಲ್ಲ.

ಬಸ್ಸಿನಲ್ಲಿ ಬರುತ್ತ ಲೆಕ್ಕ ಹಾಕಿದೆ. ಸೌನಾ ಆಯಿತು, ನೀನು ಬಂದೆ ಎಂದುಕೊಳ್ಳೋಣ. ಹಗಲೆಲ್ಲ ಅಲ್ಲಿ ಹೆಪ್ಪುಗಟ್ಟಿ, ಸಂಜೆ ಅರ್ಧ ಗಂಟೆ ಇಲ್ಲಿ ಕರಗಿ, ಬೆಳಿಗ್ಗೆ ಮತ್ತೆ ಅದೇ ಚಾಪೆ. ನೀನೇನು ಬೆಣ್ಣೆಯೇ, ಎಂದು ಬರೆಯಲು ಹೊರಟವನು ಪೆನ್ನು ಕೆಳಗಿಟ್ಟು ಎದ್ದು ಹೋಗಿ ಬಂದೆ. ನೀನು ಆ ಸಂಜೆ ಕೇಳಿದ್ದರಲ್ಲಿ ಕೋಣೆ ಎರಡನೆಯದು. ಮೊದಲು ಕೇಳಿದ್ದು ‘ಬೆರಳು ನೋಡ್ರಿ’ ಎಂದು. ಅದಕ್ಕೆ ಮೀಟರು ಬೇಕಿರಲಿಲ್ಲ, ಬಡಗಿಯೂ ಬೇಕಿರಲಿಲ್ಲ.

ನಿನ್ನಕ್ಕನಿಗೆ, ಷಡ್ಡಕರಿಗೆ ನನ್ನ ನಮಸ್ಕಾರ ತಿಳಿಸು. ಮೈ ಬೆಚ್ಚಗಿಟ್ಟುಕೋ.

ಇತಿ ನಿನ್ನ,
ಮಾತಿನಮಲ್ಲ

ತಾ.ಕ.: ಅಂಚೆಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅರ್ಜಿಯನ್ನು ಮಂಗಳವಾರ ಅವತ್ತೇ ಸೂಪರ್‌ವೈಸರಮ್ಮನ ಕೈಗೆ ಕೊಟ್ಟುಬಿಟ್ಟೆ. ಆ ಊರಿನಲ್ಲಿ ಖಾಲಿ ಇರುವುದು ಆಫೀಸಿನೊಳಗೆ, ಚಳಿಯಿಲ್ಲದ ಮೇಜಿನ ಕೆಲಸ ಎಂದು ನೀನು ಅದರಲ್ಲೇ ಬರೆದಿದ್ದೆಯಂತೆ, ಅವರೇ ಓದಿ ಹೇಳಿದರು. ನಾನು ಓದಿದ್ದು ‘ವರ್ಗ’ ಎಂಬ ಒಂದೇ ಪದ. ಒಂದನೇ ತಾರೀಖಿಗೆ ಆದೇಶ ಬರುತ್ತದೆ. ಬಡಗಿಗೆ ಬೇಡ ಎಂದೆ. ಬರುವ ಶನಿವಾರ ನಾನು ಅಲ್ಲಿಗೆ ಬರಲೇ? ಬೇಡವೆಂದಾದರೆ ಬೇಡ ಎಂದೇ ಬರೆ. ಈ ಸಲ ಅದನ್ನು ತಮಾಷೆ ಎಂದುಕೊಳ್ಳುವುದಿಲ್ಲ.