ಗಾಜಿನ ಹಿಂದಿನ ತುದಿ

ಭಾನುವಾರ, ಮಧ್ಯಾಹ್ನ
ಅಂಗಡಿಯಿಂದ

ಪ್ರೀತಿಯ ಮುಂಗಾಲಿಗೆ,

ಹಿಂಗಾಲಿನ ನಮಸ್ಕಾರ. ಎರಡು ಬೀದಿ ದಾಟಿದರೆ ಸಿಗುವವನು ಕಾಗದ ಬರೆಯುತ್ತಿದ್ದಾನಲ್ಲ, ಇವನಿಗೇನು ಬಂತು ಎಂದು ನೀನು ಕನ್ನಡಕ ಹುಡುಕುತ್ತಿರಬಹುದು. ಕಾರಣ ದೊಡ್ಡದೇನಲ್ಲ. ಎದುರಿಗೆ ಬಂದರೆ ನಾನು ಒಂದು ಹೇಳುವಷ್ಟರಲ್ಲಿ ನೀನು ನಾಲ್ಕು ಹೇಳುತ್ತೀಯ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಅಕ್ಷರ ದುಂಡಗಿದೆ ಎಂದು ಹುಬ್ಬೇರಿಸಬೇಡ. ವಯಸ್ಸಾದಂತೆ ಬುದ್ಧಿ ತಿದ್ದಿಕೊಳ್ಳದಿದ್ದರೂ ಅಕ್ಷರವಾದರೂ ತಿದ್ದಿಕೊಳ್ಳಬಾರದೇ?

ನಮ್ಮ ಈ ಹೆಸರುಗಳನ್ನು ಇಟ್ಟ ಮೇಸ್ತ್ರಿ ಬೆಳಗಿನಿಂದ ನೆನಪಾಗುತ್ತಿದ್ದಾರೆ. ಗಾಜಿನ ಕೆಲಸ ಕಲಿಯಲು ನಾವಿಬ್ಬರೂ ಅವರ ಕೈಕೆಳಗೆ ಸೇರಿದ ಹೊಸತು. ಮೊದಲ ದೊಡ್ಡ ಗಾಜು ಹೊತ್ತಾಗ ಮುಂದಿನ ತುದಿ ನಿನಗೆ ಸಿಕ್ಕಿತು, ಹಿಂದಿನದು ನನಗೆ. ಅವರು ಬಾಗಿಲಿಗೆ ಒರಗಿ ನಮ್ಮ ನಡಿಗೆ ನೋಡಿ, "ಒಬ್ಬ ಮುಂಗಾಲು, ಒಬ್ಬ ಹಿಂಗಾಲು, ಇಬ್ರೂ ಸೇರಿದ್ರೆ ಒಂದು ಕತ್ತೆ ಪೂರ್ತಿ ಆಯ್ತು" ಎಂದಿದ್ದರು. ಅಂದಿನಿಂದ ನಮ್ಮ ತುದಿಗಳು ಬದಲಾಗಲೇ ಇಲ್ಲ. ಹಿಂದಿನವನ ಕಣ್ಣು ಗಾಜಿನ ಅಂಚು ಬಿಟ್ಟು ಕದಲಬಾರದು. ದಾರಿ ನೋಡುವವನು ಮುಂದಿನವನು. ಮೆಟ್ಟಿಲು, ಹೊಸ್ತಿಲು, ಗುಂಡಿ ಎಂದು ನೀನು ಕೂಗುತ್ತಿದ್ದೆ, ನಾನು ಕಾಲೆತ್ತುತ್ತಿದ್ದೆ.

ಇದನ್ನೇ ಹಿಡಿದು ನೀನು ನನ್ನನ್ನು ಎಷ್ಟು ಕಾಡಿಸಿದ್ದೀಯ! "ಕಣ್ಣಿಗೆ ಕಾಣದ್ದನ್ನ ನಂಬಲ್ಲ ಅಂತೀಯ, ನಾನು ಮೆಟ್ಲು ಅಂದ ತಕ್ಷಣ ಕಾಲೆತ್ತುತೀಯಲ್ಲ, ಮೆಟ್ಲು ನಿಂಗೆ ಕಾಣ್ತಿತ್ತಾ?" ಎಂದು ಟೀ ಅಂಗಡಿಯ ಬೆಂಚು ಅಲ್ಲಾಡುವಂತೆ ನಗುತ್ತಿದ್ದೆ. ಮೆಟ್ಟಿಲು ಕಂಡಿಲ್ಲದಿದ್ದರೂ ನಿನ್ನನ್ನು ಕಂಡಿದ್ದೇನೆ, ನಿನ್ನ ದೇವರನ್ನು ಕಂಡಿಲ್ಲ ಎಂದು ನಾನು ಹೇಳುತ್ತಿದ್ದೆ. ನೀನು ಅದಕ್ಕೊಂದು ಹೇಳುತ್ತಿದ್ದೆ. ಟೀ ಆರುತ್ತಿತ್ತು. ನೀನು ಪ್ರಾರ್ಥನಾ ಮಂದಿರ ತಪ್ಪಿಸದವನು, ನಾನು ಗಾಜಿನ ಅಳತೆಗಲ್ಲದೆ ಬೇರೆ ಕಾರಣಕ್ಕೆ ಅದರ ಬಾಗಿಲು ತುಳಿಯದವನು. ನೀನು ಆ ಪಕ್ಷ, ನಾನು ಈ ಪಕ್ಷ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗಿದ್ದೂ ಗಾಡಿ ಮಾತ್ರ ಇಷ್ಟು ವರ್ಷ ನೆಟ್ಟಗೆ ಓಡಿತು.

ಓಡಿದ್ದು ಮೇಸ್ತ್ರಿ ಹಾಕಿಕೊಟ್ಟ ಕಟ್ಟಳೆಯಿಂದ. "ಗಾಜು ಕೈಲಿದ್ದಾಗ ದೇವರು ಬೇಡ, ಸರ್ಕಾರ ಬೇಡ, ಮಾವನ ಮನೆ ವಿಷ್ಯ ಮೊದಲೇ ಬೇಡ. ಕೆಳಗಿಟ್ಟು ಕಿತ್ತಾಡಿ" ಎಂದಿದ್ದರು. ಆ ಕಟ್ಟಳೆಯನ್ನು ನಾವು ಮುರಿದದ್ದು ಒಂದೇ ಸಲ, ಚುನಾವಣೆಯ ಫಲಿತಾಂಶ ಬಂದ ಮರುದಿನ.

ಅಂದು ಔಷಧಿ ಅಂಗಡಿಯ ಮುಂಭಾಗದ ಗಾಜು ಹೊತ್ತಿದ್ದೆವು. ಗಲ್ಲಿ ಅಗಲ ಮಾಡುತ್ತೇವೆ ಎಂದ ನಮ್ಮ ಪಕ್ಷದವರು ಗೆದ್ದಿದ್ದರು. ಗಲ್ಲಿ ಅಗಲವಾದರೆ ನಿಮ್ಮ ಮಂದಿರದ ಮುಂದಿನ ಗೋಡೆ ಹೋಗುತ್ತದೆ. ನನ್ನ ನಡಿಗೆಗೆ ಗಾಜು ಅಲುಗಿದ್ದು ತಿಳಿದು ನೀನು, "ಗೆದ್ದ ಖುಷೀಲಿ ಕಾಲು ಕುಣೀತಿದೆ, ಗಾಜು ಜೋಪಾನ" ಎಂದೆ. ನನಗೂ ಸುಮ್ಮನಿರಲಾಗಲಿಲ್ಲ. ನಿಮ್ಮ ದೇವರಿಗೆ ಅಷ್ಟು ಶಕ್ತಿಯಿದ್ದರೆ ಗೋಡೆಯನ್ನು ತಾನೇ ಹಿಂದಕ್ಕೆ ಸರಿಸಿಕೊಳ್ಳಲಿ ಎಂದೆ. ನೀನು ನಡುಬೀದಿಯಲ್ಲಿ ನಿಂತುಬಿಟ್ಟೆ. ನಾನೂ ನಿಂತೆ. ಇಬ್ಬರಿಗೂ ಬಿಟ್ಟು ಹೋಗುವಷ್ಟು ಕೋಪ, ಆದರೆ ಹೋಗುವುದು ಹೇಗೆ? ಯಾರು ಕೈಬಿಟ್ಟರೂ ಗಾಜು ನೆಲಕ್ಕೆ. ಹೀಗೆ ಒಬ್ಬರನ್ನೊಬ್ಬರು ಬಿಡಲಾಗದೆ ನಿಂತು ಬೈದಾಡಿದವರು ಗಂಡಹೆಂಡಿರಲ್ಲದೆ ನಾವಿಬ್ಬರೇ ಇರಬೇಕು. ಔಷಧಿ ಅಂಗಡಿಯವನು ಮೆಟ್ಟಿಲ ಮೇಲಿನಿಂದ, "ಮೊದಲು ನನ್ನ ಗಾಜು ಕೂರ್ಸಿ, ಆಮೇಲೆ ನಿಮ್ಮ ತಲೆ ಒಡ್ಕೊಳ್ಳಿ, ಬ್ಯಾಂಡೇಜು ನಾನೇ ಕೊಡ್ತೀನಿ" ಎಂದು ಅಂಗಲಾಚಿದ.

ಆಗಲೇ ನೀನು ಆ ಮಾತು ಹೇಳಿದ್ದು. "ನಿನ್ನ ಹೆಂಡ್ತಿ ಆಸ್ಪತ್ರೇಲಿದ್ದಾಗ ನಾನು ಅದೇ ಗೋಡೆ ಪಕ್ಕ ಕೂತು ಬೇಡ್ಕೊಂಡೆ. ಆವತ್ತು ನೀನು ನಗ್ಲಿಲ್ಲ." ಉಳಿಸಿದ್ದು ಡಾಕ್ಟರು ಎಂದೆ ನಾನು. ಗಾಜು ಕೂರಿಸಿದೆವು, ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂರಿಸಿದೆವು. ನೀನು ಕೈ ಒರೆಸಿಕೊಂಡು, ಗಾಜು ಕೊಯ್ಯುವ ನಿನ್ನ ಕಟರನ್ನು ಜೇಬಿಗಿಳಿಸಿ, "ಇನ್ಮುಂದೆ ನನ್ನ ತುದಿಗೆ ಬೇರೆಯವ್ರನ್ನ ನೋಡ್ಕೊ" ಎಂದು ಹೇಳಿ ಹೊರಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಮ್ಮ ಕಸುಬಿನಲ್ಲಿ ಗಾಜಿಗಿಂತ ಮಾತೇ ಹೆಚ್ಚು ಒಡೆದದ್ದು.

ಅಂದಿನಿಂದ ನನ್ನ ವ್ಯಾಪಾರ ಹೇಗಿದೆ ಎಂದು ನಿನಗೆ ವರದಿ ಬರುತ್ತಿರಬೇಕು. ಒಬ್ಬನೇ ಎತ್ತಬಲ್ಲಷ್ಟು ಗಾಜಿನ ಕೆಲಸ ಮಾತ್ರ ಒಪ್ಪಿಕೊಳ್ಳುತ್ತೇನೆ. ಬಚ್ಚಲಿನ ಕಿಂಡಿ, ಫೋಟೋ ಚೌಕಟ್ಟು, ಕಪಾಟಿನ ಬಾಗಿಲು. ನೀನೂ ಅದನ್ನೇ ಮಾಡುತ್ತಿದ್ದೀಯಂತೆ. ಊರಿನ ದೊಡ್ಡ ಗಾಜೆಲ್ಲ ಬೇರೆಯವರ ಪಾಲು. ಟೀ ಅಂಗಡಿಯ ಬೆಂಚಿನಲ್ಲಿ ನಿನ್ನ ಜಾಗಕ್ಕೆ ನಮ್ಮ ಪಕ್ಷದವರೇ ಇಬ್ಬರು ಬಂದಿದ್ದಾರೆ. ನಾನು ಏನು ಹೇಳಿದರೂ ಕೋಲೆ ಬಸವನ ಹಾಗೆ ತಲೆಯಾಡಿಸುತ್ತಾರೆ. ಮೊನ್ನೆ ಪರೀಕ್ಷೆ ಮಾಡೋಣವೆಂದು ಹಿಂದಿನ ದಿನ ಹೇಳಿದ್ದಕ್ಕೆ ತದ್ವಿರುದ್ಧ ಹೇಳಿದೆ. ಅದಕ್ಕೂ ತಲೆಯಾಡಿಸಿದರು. ಟೀ ಬಿಸಿಯಾಗಿಯೇ ಮುಗಿದುಹೋಗುತ್ತದೆ, ನಾಲಿಗೆ ಸುಡುತ್ತದೆ. ನೀನಿಲ್ಲದೆ ನನಗೆ ಬೇಜಾರಾಗಿದೆ, ಅದನ್ನು ಸುತ್ತಿ ಬಳಸಿ ಹೇಳುವುದೇಕೆ.

ಒಂದು ಸಲ ದೊಡ್ಡ ಗಾಜಿಗೂ ಕೈ ಹಾಕಿದೆ. ಅಳಿಯ ರಜೆಗೆ ಬಂದಿದ್ದ. ಅವನಿಗೆ ಕೆಲಸ ಗೊತ್ತಿಲ್ಲವಾದ್ದರಿಂದ ಹಿಂದಿನ ತುದಿ ಕೊಟ್ಟು ನಾನು ಮುಂದೆ ನಿಂತೆ. ಚಪ್ಪಲಿ ಅಂಗಡಿಯ ಮೆಟ್ಟಿಲು ಬಂತು. ನಾನು ಅಚ್ಚುಕಟ್ಟಾಗಿ ಕಾಲೆತ್ತಿ ಹತ್ತಿದೆ. ಬಾಯಿ ಮಾತ್ರ ಬಿಡಲಿಲ್ಲ. ಜೀವಮಾನವೆಲ್ಲ ಕೇಳಿಸಿಕೊಂಡವನು ನಾನು. ಕೂಗಬೇಕೆಂಬುದು ತಲೆಗೆ ಹೊಳೆಯಲೇ ಇಲ್ಲ. ಯಾರಾದರೂ ಕೂಗುತ್ತಾರೆ ಎಂದು ಒಳಗೊಳಗೆ ಕಾಯುತ್ತಿದ್ದೆನೋ ಏನೋ. ಅಳಿಯ ಎಡವಿದ, ಗಾಜು ಪುಡಿಪುಡಿಯಾಯಿತು. ಮಾವನನ್ನು ಬೈಯಲಾಗದೆ ಅವನು ಮೆಟ್ಟಿಲನ್ನು ಬೈದ. ಅವನಿಗೆ ತರಚಿದ ಗಾಯವೂ ಆಗಲಿಲ್ಲ, ಚಿಂತಿಸಬೇಡ. ಆಮೇಲಿನಿಂದ ಮನೆಯಲ್ಲಿ ನನಗೆ ರಾಜೋಪಚಾರ ನಡೆದಿದೆ. ಅಂಗಿಯ ಗುಂಡಿಯನ್ನೂ ನನ್ನವಳೇ ಹಾಕುತ್ತಾಳೆ.

ಇರಲಿ, ಈಗ ವಿಷಯಕ್ಕೆ ಬರುತ್ತೇನೆ. ಗುರುವಾರ ಮಂದಿರದ ಗೋಡೆ ಕೆಡವಲು ನಗರಸಭೆಯವರು ಬರುತ್ತಾರೆ. ಆ ಗೋಡೆಯಲ್ಲಿ ನಮ್ಮ ಕಿಟಕಿಯಿದೆ. ಮೇಸ್ತ್ರಿಯ ಜೊತೆ ನಾವು ಕೂರಿಸಿದ ಮೊದಲ ದೊಡ್ಡ ಗಾಜು, ಸಂಜೆಯ ಬಿಸಿಲು ಒಳಗೆ ಬೆಂಚುಗಳ ಮೇಲೆ ಬೀಳುವಂತೆ ಮಾಡುವ ಗಾಜು. ಅಷ್ಟು ದಪ್ಪದ, ಒಳಗೆ ಸಣ್ಣ ಗುಳ್ಳೆಗಳಿರುವ ಗಾಜನ್ನು ಈಗ ಯಾರೂ ಮಾಡುವುದಿಲ್ಲ. ನೀನು ಏಣಿ ಹಾಕಿ ಅದರ ಅಳತೆ ತೆಗೆಯುತ್ತಿದ್ದೆ, ಬುಧವಾರ ಒಬ್ಬನೇ ಬಿಚ್ಚಿ ಇಳಿಸುತ್ತೇನೆ ಎಂದು ಮಂದಿರದ ಹಿರಿಯರಿಗೆ ಹೇಳಿದ್ದೀಯ ಎಂದು ಔಷಧಿ ಅಂಗಡಿಯವನು ಹೇಳಿದ. ನಿನಗೆ ತಲೆ ನೆಟ್ಟಗಿದೆಯೇ? ಚೌಕಟ್ಟಿನ ಪಟ್ಟಿ ಬಿಚ್ಚಿದ ಕ್ಷಣ ಗಾಜು ಮುಂದಕ್ಕೆ ವಾಲುತ್ತದೆ. ಹಿಡಿಯುವವನಿಲ್ಲದಿದ್ದರೆ ಅದು ನಿನ್ನ ಕತ್ತಿನ ಮೇಲೆಯೇ ಬರುವುದು. ನಿನ್ನ ದೇವರು ಆ ಹೊತ್ತಿಗೆ ಬೇರೆ ಕೆಲಸದಲ್ಲಿದ್ದರೆ ಏನು ಗತಿ?

ತಮಾಷೆಗೆ ಅಂದೆ, ಕಾಗದ ಹರಿಯಬೇಡ.

ರಸ್ತೆಯ ವಿಷಯದಲ್ಲಿ ನಾನು ಬದಲಾಗಿಲ್ಲ, ಬದಲಾಗುವುದೂ ಇಲ್ಲ. ನನ್ನವಳಿಗೆ ಎದೆನೋವು ಬಂದ ದಿನ ಆಂಬ್ಯುಲೆನ್ಸ್ ಗಲ್ಲಿಯ ಬಾಯಲ್ಲೇ ಸಿಕ್ಕಿಕೊಂಡಿತು. ಗಾಜು ಸಾಗಿಸುವ ಹಲಗೆಯ ಮೇಲೆ ಅವಳನ್ನು ಮಲಗಿಸಿ ನಾವಿಬ್ಬರೇ ಹೊತ್ತೆವಲ್ಲ, ನೀನು ಮುಂದೆ, ನಾನು ಹಿಂದೆ. ಆ ದಾರಿ ಇನ್ನೊಬ್ಬರಿಗೆ ಅಷ್ಟು ಉದ್ದವಾಗಬಾರದು ಎಂದೇ ನಾನು ಓಟು ಹಾಕಿದ್ದು. ನೀನು ಗೋಡೆಗೆ ಓಟು ಹಾಕಿದೆ, ನಿನ್ನ ತಂದೆ ಆ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದರು. ಅದೂ ನನಗೆ ಗೊತ್ತು. ಗೊತ್ತಿದ್ದೂ ಒಪ್ಪುವುದಿಲ್ಲ, ಅಷ್ಟೇ.

ಡಾಕ್ಟರೇ ಅವಳನ್ನು ಉಳಿಸಿದ್ದು ಎಂದು ಈಗಲೂ ಹೇಳುತ್ತೇನೆ. ಆದರೆ ಅಂದು ಬೀದಿಯಲ್ಲಿ ಗಾಜು ಹಿಡಿದು ನಿಂತಾಗ ಇನ್ನೊಂದು ಹೇಳುವುದು ಉಳಿಯಿತು. ಆಸ್ಪತ್ರೆಯ ಆ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದಾಗ ಎದ್ದು ಓಡಿಹೋಗಬೇಕು ಅನ್ನಿಸುತ್ತಿತ್ತು. ನೀನು ಮಂದಿರದಲ್ಲಿ ಆ ಕಿಟಕಿಯ ಕೆಳಗೆ ಕೂತಿದ್ದೀಯ, ನಾನು ಬಂದು ಹೇಳುವವರೆಗೆ ಏಳುವುದಿಲ್ಲ ಎಂದು ಗೊತ್ತಿತ್ತು. ಅದೊಂದನ್ನೇ ನೆನೆದುಕೊಂಡು ಕೂತೆ. ನೀನು ಯಾರ ಹತ್ತಿರ ಬೇಡುತ್ತಿದ್ದೆಯೋ ಅವರಿದ್ದಾರೆ ಎಂದು ನನಗೆ ಅನ್ನಿಸಲಿಲ್ಲ. ನೀನಿದ್ದೀಯ ಎನ್ನಿಸಿತು. ಇದಕ್ಕೆ ನಂಬಿಕೆ ಎನ್ನುತ್ತಾರೋ ಬೇರೇನೋ, ಹೆಸರು ನೀನೇ ಇಟ್ಟುಕೊ.

ಆದ್ದರಿಂದ ಬುಧವಾರ ಬೆಳಿಗ್ಗೆ ನಾನು ಬರುತ್ತೇನೆ. ಬೇಡ ಎಂದರೂ ಬರುತ್ತೇನೆ. ನೀನು ಪಟ್ಟಿ ಬಿಚ್ಚು, ಹಿಂದಿನ ತುದಿ ನನ್ನದು. ಗಾಜು ಕೈಯಲ್ಲಿರುವವರೆಗೆ ಒಂದು ಮಾತೂ ಆಡುವುದಿಲ್ಲ. ಅಂಗಡಿಯಲ್ಲಿ ಗೋಣಿ ಹಾಸಿ ಜಾಗ ಮಾಡಿದ್ದೇನೆ. ಹೊಸ ಗೋಡೆ ಏಳುವವರೆಗೆ ಅದು ಇಲ್ಲೇ ಇರಲಿ. ಕೆಳಗಿಟ್ಟ ಮೇಲೆ ಟೀ ಕುಡಿಯುತ್ತಾ ನಿನ್ನ ಪಕ್ಷದ ಬಗ್ಗೆ ನನಗಿರುವ ಅಭಿಪ್ರಾಯವನ್ನು ವಿವರವಾಗಿ ತಿಳಿಸುತ್ತೇನೆ. ತುಂಬಾ ಬಾಕಿಯಿದೆ.

ಇಂದಿಗೂ ನಿನ್ನ ಒಂದು ಮಾತನ್ನೂ ಒಪ್ಪದ,
ನಿನ್ನ
ಹಿಂಗಾಲು

ವಿ.ಸೂ.: ಅಣ್ಣಾ, ಇಲ್ಲಿಂದ ನನ್ನ ಮಾತು. ಮೇಲಿನದನ್ನೂ ಬರೆದವಳು ನಾನೇ, ಅವರು ಹೇಳುತ್ತಾ ಹೋದರು. ಅಕ್ಷರ ಅವರದಲ್ಲ ಎಂದು ನಿಮಗೆ ಮೊದಲ ಸಾಲಿಗೇ ತಿಳಿದಿರುತ್ತದೆ. ಅಳಿಯಂದಿರಿಗೆ ಏನೂ ಆಗಲಿಲ್ಲ ಎಂದು ಬರೆಸಿದರಲ್ಲ, ಅದು ನಿಜ. ಗಾಜು ಬಿದ್ದದ್ದು ಇವರ ಬಲಗೈ ಮೇಲೆ. ಅಂಗೈ ಉದ್ದಕ್ಕೂ ಹೊಲಿಗೆ ಬಿದ್ದಿದೆ, ಬೆರಳು ಮಡಿಸಲಾಗುವುದಿಲ್ಲ. ಲೋಟವನ್ನೇ ಎತ್ತಲಾಗದವರು ಬುಧವಾರ ಗಾಜು ಎತ್ತುತ್ತಾರಂತೆ. ಇದನ್ನು ನಿಮಗೆ ತಿಳಿಸಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡು, ಈಗ ನೆಮ್ಮದಿಯಾಗಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾರೆ.

ನೀವು ಒಬ್ಬರೇ ಬಿಚ್ಚಬೇಡಿ. ಹಿಂದಿನ ತುದಿ ನಾನು ಹಿಡಿಯುತ್ತೇನೆ. ಅಂಗಡಿಗೆ ಲಾರಿ ಬಂದಾಗಲೆಲ್ಲ ಗಾಜು ಇಳಿಸಿಕೊಂಡವಳು ನಾನು, ಡಾಕ್ಟರೂ ಈಗ ಯಾವ ಕೆಲಸಕ್ಕೂ ಅಡ್ಡಿಯಿಲ್ಲ ಎಂದಿದ್ದಾರೆ. ಆ ದಿನ ಹಲಗೆಯ ಮೇಲೆ ಅರೆಪ್ರಜ್ಞೆಯಲ್ಲಿದ್ದಾಗ ಬೇರೇನೂ ಕೇಳಿಸದಿದ್ದರೂ ನೀವು ಗಲ್ಲಿಯುದ್ದಕ್ಕೂ ಮೆಟ್ಟಿಲು, ಹೊಸ್ತಿಲು ಎಂದು ಕೂಗಿದ್ದು ನನಗೆ ಕೇಳಿಸುತ್ತಿತ್ತು. ಈ ಸಲ ನಾವಿಬ್ಬರೂ ಹೊರೋಣ, ಕೂಗುವ ಕೆಲಸ ಇವರಿಗಿರಲಿ. ಅದು ಇವರಿಗೆ ಬರುವುದಿಲ್ಲ, ನೀವೇ ಕಲಿಸಬೇಕು. ಅದಕ್ಕೆ ಮಂಗಳವಾರವೇ ಮನೆಗೆ ಬನ್ನಿ.