ಹಿಂದೆ ಉಳಿದ ಚುಕ್ಕೆ

ಮನೆಯಿಂದ, ಒಂಬತ್ತನೇ ತಾರೀಕು, ಮಂಗಳವಾರ

ಪ್ರೀತಿಯ ಮೂದೇವಿ ಮೊಮ್ಮಗಳಿಗೆ,

ಕೈಗೇನು ಲಕ್ವ ಹೊಡೆದಿದೆಯೇನೇ? ಮೂರು ತಿಂಗಳಿಂದ ಒಂದು ಸಾಲಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಕೆಮ್ಮು ಹೋಯಿತೇ? ನನ್ನ ಮಂಡಿಯ ಸುದ್ದಿ ಕೇಳಬೇಡ, ಅದು ಮೆಟ್ಟಿಲಿನ ಜೊತೆ ಟೂ ಬಿಟ್ಟಿದೆ.

ನೀನು ಸುಮ್ಮನಾದದ್ದು ಏಕೆಂದು ನಿನ್ನ ಆಫೀಸಿನ ಗಡ್ಡದವನು ಹೇಳಿದ. "ಅಜ್ಜೀ, ಅವಳು ದೂರದರ್ಶಕದಲ್ಲಿ ಕಂಡ ಚುಕ್ಕೆ ಗ್ರಹ ಅಲ್ವಂತೆ. ಅವತ್ತಿಂದ ಅವಳು ಯಾರ ಹತ್ರಾನೂ ಮಾತಾಡ್ತಿಲ್ಲ" ಎಂದ. ಅಷ್ಟಕ್ಕೇ ಅಜ್ಜಿಯನ್ನೂ ಬಿಡುವುದೇ? ಆಕಾಶದ ಆ ಕಂದು ಕುಬ್ಜವನ್ನು ನನಗೆ ಪರಿಚಯ ಮಾಡಿಸಿದವಳು ನೀನೇ. ನಕ್ಷತ್ರವಾಗಿ ಉರಿಯುವಷ್ಟು ಮೈಯಿಲ್ಲ, ಗ್ರಹ ಅನ್ನೋಣವೆಂದರೆ ಅದಕ್ಕಿಂತ ದಪ್ಪ. ಎಳೆಯದಾದ್ದರಿಂದ ಇನ್ನೂ ಬೆಚ್ಚಗಿದೆ, ಅದನ್ನು ಸುತ್ತುವ ಮರಿ ಗ್ರಹವಿದ್ದರೆ ಅದೂ ಬೆಚ್ಚಗಿದ್ದು ಕಣ್ಣಿಗೆ ಬೀಳುತ್ತದೆ ಎಂದಿದ್ದೆ. ಪಕ್ಕದಲ್ಲೊಂದು ಚುಕ್ಕೆ ಕಂಡಾಗ, "ಈಗ್ಲೇ ಯಾರಿಗೂ ಹೇಳ್ಬೇಡ ಅಜ್ಜಿ, ಎರಡು ವರ್ಷ ಬಿಟ್ಟು ಇನ್ನೊಂದು ಚಿತ್ರ ತೆಗೀಬೇಕು, ಎರಡೂ ಒಟ್ಟಿಗೆ ಸರಿದಿದ್ರೆ ಮಾತ್ರ ಅದು ಕುಬ್ಜದ ಗ್ರಹ" ಎಂದೂ ಹೇಳಿದ್ದೆ. ನನ್ನ ಬಾಯಿ ನಿಲ್ಲಬೇಕಲ್ಲ! ಬೀದಿಗೆಲ್ಲ ಸಾರಿದೆ.

ಈಗ ಕೆಳಗಿನ ಮನೆಯ ಬಟ್ಟೆ ಹೊಲಿಯುವವಳು ಹಲ್ಲು ಕಿರಿದು, "ಏನಜ್ಜೀ, ನಿಮ್ಮ ಗ್ರಹ ಓಡಿಹೋಯ್ತಂತೆ?" ಎನ್ನುತ್ತಾಳೆ. "ಓಡಿಹೋಗಿಲ್ಲ ಕಣೇ, ನಿಂತಲ್ಲೇ ನಿಂತಿತ್ತು. ಕುಬ್ಜ ಮುಂದೆ ಹೋಯ್ತು, ಇದು ಹಿಂದೇನೇ ಉಳೀತು. ಎಲ್ಲೋ ದೂರದ ನಕ್ಷತ್ರ. ನನ್ನ ಮೊಮ್ಮಗಳು ಎರಡನೇ ಸಲ ನೋಡದೇ ಇದ್ದಿದ್ರೆ ಇವತ್ತಿಗೂ ಗ್ರಹ ಅಂತಾನೇ ಅಂದ್ಕೊಂಡಿರ್ತಿದ್ವಿ" ಎಂದೆ. ದಾರ ಕಚ್ಚಿ ತುಂಡು ಮಾಡಿ ಮತ್ತೆ ಹೊಲಿಗೆಗೆ ಕೂತಳು.

ನನ್ನ ಬೇಸರ ಬೇರೆ. ಆ ಕುಬ್ಜ ಒಂಟಿಯಾಗಿ ಹೋಗುತ್ತಲೇ ಇದೆಯಲ್ಲ. ನಾವು ಅದಕ್ಕೊಂದು ಜೊತೆ ಹುಡುಕಿದ್ದೂ ಅದಕ್ಕೆ ಗೊತ್ತಿಲ್ಲ. ಈಚೆಗೆ ತಪ್ಪು ನಂಬರಿನವರು ಫೋನ್ ಮಾಡಿದರೂ ಊಟ ಆಯಿತೇ ಎಂದು ಕೇಳುತ್ತೇನೆ. ಮೊನ್ನೆ ಒಬ್ಬ ಆಯಿತು ಎಂದ. ಏನು ಮಾಡಿದ್ದರು ಎಂದು ಕೇಳುವಷ್ಟರಲ್ಲಿ ಇಟ್ಟುಬಿಟ್ಟ.

ಇನ್ನೊಂದು ಕುಬ್ಜ ಹುಡುಕು. ಆಕಾಶಕ್ಕೇನು ಬರ ಬಂದಿದೆಯೇ? ತಲೆ ಬಾಚಿಕೋ. ನೂರು ವರ್ಷ ಬಾಳು. ಗಡ್ಡದವನಿಗೂ ನನ್ನ ಆಶೀರ್ವಾದ.

ನಿನ್ನ
ಬಾಯಿಬಡುಕಿ ಅಜ್ಜಿ

ಮರೆತೆ: ಎಡಗಣ್ಣು ಹೋಗಿ ಆರು ತಿಂಗಳಾಯಿತು, ನಿನಗೆ ಹೇಳಿರಲಿಲ್ಲ. ಬಲಗಣ್ಣಿಗೂ ಪೊರೆ ಬಂದಿದೆ. ಮುಂದಿನ ತಿಂಗಳು ಐದಕ್ಕೆ ಆಪರೇಷನ್. ಜೊತೆಗೆ ಯಾರು ಬರುತ್ತಾರೆ ಎಂದು ಆಸ್ಪತ್ರೆಯವಳು ಕೇಳಿದಳು. ನಿನ್ನ ಹೆಸರು ಬರೆಸಿಬಿಟ್ಟೆ. ಬರುತ್ತೀಯೋ ಇಲ್ಲವೋ, ಈ ತಿಂಗಳು ಮುಗಿಯುವುದರೊಳಗೆ ಬರೆ. ದಪ್ಪ ಅಕ್ಷರದಲ್ಲಿ ಬರೆ.