ಎಳೆ ಎಣಿಸದೆ ತಂದ ತಂತಿ

ಕಾಕಾ,

ನೀನು ಹೋಗಿ ಮೂರು ವರ್ಷವಾಯಿತು. ಇಷ್ಟು ದಿನ ನಿನಗೆ ಬರೆಯುವ ಮುಖ ನನಗಿರಲಿಲ್ಲ. ಈಗಲೂ ಇದೆಯೋ ಇಲ್ಲವೋ...

ಯಲಬುರ್ಗಿ ಸಾವಕಾರರ ಹಳೆಯ ಮೋಟಾರು ಗಾಡಿ ನೆನಪಿದೆಯೇ? ಅದರ ತಂತಿಗಳನ್ನೆಲ್ಲ ಇಲಿಗಳು ಕಡಿದಿದ್ದವು. ಹೊಸದಾಗಿ ಎಳೆಯಲು ನಿನಗೇ ಒಪ್ಪಿಸಿದ್ದರು. ಕೊಪ್ಪಳದ ನಮ್ಮ ಅಂಗಳದಲ್ಲಿ ನೀನು ಹಳೆಯದನ್ನು ಬಿಚ್ಚಿ ಸಾಲಾಗಿ ಹಾಸಿದ್ದೆ. ಹಿಂದಿನ ಕೆಂಪು ದೀಪಕ್ಕೆ ಸಣ್ಣದು ಸಾಕು, ಹಾರ್ನಿಗೆ ತುಸು ದಪ್ಪ, ಮುಂದಿನ ದೀಪಗಳಿಗೆ ಇನ್ನೂ ದಪ್ಪ. ಹುಬ್ಬಳ್ಳಿಯ ಮನೆಗಳಲ್ಲಿ ಇನ್ನೂರು ವೋಲ್ಟಿನ ಕರೆಂಟು ಸಣ್ಣ ತಂತಿಯಲ್ಲೇ ಹರಿಯುವಾಗ ಆರು ವೋಲ್ಟಿನ ಬ್ಯಾಟರಿಗೆ ಇಷ್ಟು ದಪ್ಪ ಯಾಕೆಂದು ನಾನು ಪುಸ್ತಕದ ಗರ್ವದಿಂದ ಕೇಳಿದೆ. ವೋಲ್ಟು ಕಡಿಮೆಯಾದಷ್ಟೂ ಅದೇ ಬೆಳಕಿಗೆ ಹೆಚ್ಚು ಕರೆಂಟು ಹರಿಯಬೇಕು, ತಾಮ್ರ ಸಾಲದಿದ್ದರೆ ತಂತಿ ಕಾದು ಸುಡುತ್ತದೆ ಎಂದು ನೀನು ಬಿಡಿಸಿ ಹೇಳಿದೆ. ಹೆಸರು ಬರೆಯಲು ಬಾರದ ನಿನಗೆ ಅದನ್ನು ಯಾರು ಕಲಿಸಿದ್ದರು?

ಹೊಸ ತಂತಿ ತರಲು ರೈಲಿನಲ್ಲಿ ನಾನು ಹುಬ್ಬಳ್ಳಿಗೆ ಹೊರಟಾಗ ನೀನು ಮುಂದಿನ ದೀಪದ ಹಳೆಯ ತಂತಿಯದೊಂದು ತುಂಡು ಕೈಗೆ ಕೊಟ್ಟು, "ಮ್ಯಾಲಿನ ನೂಲಿನ ಹೊದಿಕಿ ನೋಡಿ ತಗೋಬ್ಯಾಡೋ ಮಾಸ್ತರ. ತುದಿ ಸುಲಿದು ಒಳಗಿನ ತಾಮ್ರದ ಎಳಿ ಎಣಿಸು, ಇದರಾಗ ಇದ್ದಷ್ಟ ಇರಬೇಕು," ಎಂದೆ. ನಾನು ಸಾಲಿಯಲ್ಲಿ ಮಾಸ್ತರನಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲೂ ನೀನು ಹಾಗೇ ಕರೆದು ಕಾಡುತ್ತಿದ್ದೆ. ಅಂಗಡಿಯಲ್ಲಿ ಗದ್ದಲ, ನನಗೆ ಪುಸ್ತಕದಂಗಡಿಗೆ ಹೋಗುವ ಅವಸರ. ನಿನ್ನ ತುಂಡನ್ನೂ ಅಂಗಡಿಯ ತಂತಿಯನ್ನೂ ಅಕ್ಕಪಕ್ಕ ಹಿಡಿದೆ. ಹೊರಗಿನಿಂದ ಒಂದೇ ದಪ್ಪ. ಕಟ್ಟಿಸಿಕೊಂಡು ಬಂದೆ.

"ಎಳಿ ಎಣಿಸಿದೇನು?" ಎಂದು ನೀನು ಕೇಳಿದೆ. ನಾನು ಹೂಂ ಎಂದೆ. ನೀನು ಮತ್ತೆ ಸುಲಿದು ನೋಡದೆ ಅದನ್ನೇ ಜೋಡಿಸಿದೆ. ಓದಿದ ಹುಡುಗ ಎಣಿಕೆ ತಪ್ಪುವನೇ ಎಂದುಕೊಂಡೆಯೇನೋ.

ಸಾವಕಾರರು ಊರಿಗೆ ಮರಳುವಾಗ ದಾರಿಯಲ್ಲಿ ತಳಕಲ್ಲಿನ ಹತ್ತಿರ, ಹೊತ್ತು ಮುಳುಗಿದ ಮೇಲೆ, ಆ ತಂತಿ ಕಾದು ಮೇಲಿನ ನೂಲು ಹೊತ್ತಿ ಹೊಗೆ ಎದ್ದಿತು. ದೀಪಗಳು ಆರಿ, ಮೋಟಾರು ದಾರಿ ತಪ್ಪಿ ತಗ್ಗಿಗೆ ಇಳಿಯಿತು. ಸಾವಕಾರರ ಮುಂಗೈ ಮುರಿಯಿತು. ಓದು ಬರದವನ ಕೈಗೆ ಮೋಟಾರು ಕೊಟ್ಟರೆ ಇನ್ನೇನಾದೀತು ಎಂದು ಅವರು ಊರೂರಲ್ಲಿ ಹೇಳಿದರು. ಗಂಗಾವತಿಯಿಂದ ಕುಷ್ಟಗಿವರೆಗೆ ಆಮೇಲೆ ಯಾರೂ ನಿನಗೆ ಮೋಟಾರು ಮುಟ್ಟಿಸಲಿಲ್ಲ. ಸೈಕಲ್ಲು, ಗ್ಯಾಸಬತ್ತಿ ರಿಪೇರಿ ಮಾಡುತ್ತಲೇ ನೀನು ಮುದುಕನಾದೆ.

ಸುಟ್ಟ ತುಂಡನ್ನು ನೀನು ಸುಲಿದು, ಕಡಿಮೆ ಬಿದ್ದ ಎಳೆಗಳನ್ನು ಎಣಿಸಿದ್ದನ್ನು ನಾನು ಬಾಗಿಲ ಮರೆಯಿಂದ ಕಂಡೆ. ನನ್ನನ್ನು ಏನೂ ಕೇಳಲಿಲ್ಲ. ಊಟಕ್ಕೆ ಕೂತಾಗ ನೀನು, "ನಾಳೆ ಸಾಲಿ ಐತಲ್ಲ, ಲಗೂ ಮಲಕೋ," ಎಂದೆ. ಅಷ್ಟೇ. ಬೈದಿದ್ದರೆ ಆಗುತ್ತಿರಲಿಲ್ಲವೇ ಕಾಕಾ?

ಯುದ್ಧದಿಂದಾಗಿ ಈಗ ಹೊಸ ಮೋಟಾರು ಸಿಗುವುದಿಲ್ಲ. ಮೂಲೆಗೆ ಬಿದ್ದಿದ್ದ ಅದೇ ಮೋಟಾರನ್ನು ಸಾವಕಾರರು ಮತ್ತೆ ಹೊರಗೆಳೆದಿದ್ದಾರೆ. ಮೊನ್ನೆ ಅವರ ಕಟ್ಟೆಯ ಮೇಲೆ ನಾಲ್ಕು ಮಂದಿಗೆ ಪತ್ರಿಕೆ ಓದಿ ಹೇಳುತ್ತಿದ್ದೆ. ಮಾತು ಆ ಮೋಟಾರಿನ ತಂತಿಯ ಕಡೆ ತಿರುಗಿ, ನಿನ್ನ ಹೆಸರು ಬಂದು, ಎಲ್ಲರೂ ನಕ್ಕರು. ಪತ್ರಿಕೆ ಮಡಚಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತಂತಿ ತಂದವನು ನಾನು, ಎಣಿಸದವನು ನಾನು, ಸುಳ್ಳು ಹೇಳಿದವನೂ ನಾನು.

ಸಾವಕಾರರು ಸುತ್ತ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ, "ಆಗಿದ್ದಾತು ಬಿಡ್ರಿ ಮಾಸ್ತರ. ಸತ್ತಾಂವ ಒಳ್ಳೆ ಹೆಸರು ತಗೊಂಡು ಏನ ಮಾಡತಾನ? ಈ ಮಾತು ಈ ಕಟ್ಟಿ ಇಳೀಬಾರದು. ಸಾಲಿ ಮಾಸ್ತರನ ಮರ್ಯಾದಿ ಹೋಗತೈತಿ," ಎಂದರು. ಉಳಿದವರೂ ತಲೆಯಾಡಿಸಿದರು. ನಿನ್ನ ಮರ್ಯಾದೆ ಊರೂರು ಹರಾಜಾದಾಗ ಇವರಲ್ಲೊಬ್ಬರಿಗೂ ಈ ಕಾಳಜಿ ಇರಲಿಲ್ಲ. ಸಿಟ್ಟು ಮಾಡಲೂ ಈಗ ತ್ರಾಣವಿಲ್ಲ. ಎದ್ದು ಬಂದೆ.

ಆದಿತ್ಯವಾರ ಸಾಲಿಗೆ ರಜೆ. ಕುಷ್ಟಗಿಯಲ್ಲಿ ಮೋಟಾರು ನಿಲ್ಲುವ ಕಡೆ ಡ್ರೈವರುಗಳು, ಮಿಸ್ತ್ರಿಗಳು ಚಹಾ ಕುಡಿಯಲು ಸೇರುತ್ತಾರೆ. ನಡೆದದ್ದನ್ನು ಎಲ್ಲರೆದುರು ಹೇಳಲು ಅಲ್ಲಿಂದ ಶುರು ಮಾಡುತ್ತೇನೆ. ಮುಂದಿನ ವಾರ ಗಂಗಾವತಿ.

ನಿನ್ನ ಅಣ್ಣನ ಮಗ